ಮೆಟ್ಟಿಲ ಗೋಡೆ

ತನ್ನ ಮನೆಯ ಒಳಗೋಡೆಗೆ ಹಬ್ಬ ಬಂದಾಗಲೆಲ್ಲ ಬಣ್ಣ ಬಳಿಸುವ ಗೃಹಸ್ಥನೂ ಬಹುಮಹಡಿ ಕಟ್ಟಡದ ಮೆಟ್ಟಿಲ ಗೋಡೆಯ ಮಾತೆತ್ತಿದೊಡನೆ ಕೈ ಹಿಂದೆಗೆಯುವುದುಂಟು. "ನಾನು ಮೆಟ್ಟಿಲನ್ನು ಹತ್ತುವುದೇ ಇಲ್ಲವಲ್ಲ" ಎಂಬುದು ನೆಲಮಹಡಿಯವನ ವಾದ. ಪ್ರಸಾದನಿಲಯದ ಗೋಡೆಗೆ ಸರತಿಯಲ್ಲಿ ಸುಣ್ಣ ಬಳಿದ ವಿದ್ಯಾರ್ಥಿಗೆ ಇದು ವಿಚಿತ್ರವೆನಿಸೀತು! ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನದ ಅಧಿನಿಯಮವು ಮೆಟ್ಟಿಲು, ಮೊಗಸಾಲೆ, ಛಾವಣಿಗಳನ್ನು ಸರ್ವರ ಅವಿಭಕ್ತ ಸ್ವತ್ತೆಂದು ಎಣಿಸಿದೆ. ತಾನು ಬಳಸುವುದಿಲ್ಲವೆಂಬ ನೆವದಿಂದ ವೆಚ್ಚದ ಪಾಲನ್ನು ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಇನ್ನು ಬಣ್ಣವೊಂದರಿಂದಲೇ ಗೋಡೆ ಉಳಿಯದು. ಛಾವಣಿಯ ಸೋರಿಕೆಯನ್ನು ನಿಲ್ಲಿಸದೆ, ಹಕ್ಕಳೆಯೆದ್ದ ಹಳೆಯ ಪದರವನ್ನು ಕೆರೆಯದೆ, ಗೋಡೆ ಒಣಗುವ ಮೊದಲೇ ಬಳಿದರೆ ಹೊಸ ಬಣ್ಣವೂ ಉದುರುವುದು. ಬಣ್ಣಗಾರನು ಮೇಲಿನಿಂದ ಆರಂಭಿಸಿ ಕೆಳಗಿಳಿಯುತ್ತಾನೆ. ಅವನ ಕುಂಚದ ಕೊನೆಯ ಎಳೆತ ಆ ನೆಲಮಹಡಿಯವನ ಬಾಗಿಲ ಪಕ್ಕದಲ್ಲೇ.