ಮೊರ್ವಾಂ ಬೆಟ್ಟಗಳ ಜಲ್ಲಿದಾರಿಯಲ್ಲಿ

ಹೋದ ವರ್ಷದ ಜೂನ್ ತಿಂಗಳಲ್ಲಿ ನಾನು ಫ್ರಾನ್ಸ್ ದೇಶದ ಹಳ್ಳಿಗಾಡಿನಲ್ಲಿ ನಾಲ್ಕು ದಿನ ಸೈಕಲ್ ತುಳಿದು ಬಂದೆನೆಂಬ ಸುದ್ದಿ ಹೇಗೋ ನನ್ನ ಹಳೆಯ ವಿದ್ಯಾರ್ಥಿಗಳ ಕಿವಿಗೆ ಬಿದ್ದಿದೆ. "ಮೇಷ್ಟ್ರೇ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೆ?" ಎಂದು ಒಬ್ಬರು ಕೇಳಿದರೆ, "ಐಫೆಲ್ ಗೋಪುರ ನೋಡಿದಿರಾ?" ಎಂದು ಇನ್ನೊಬ್ಬರು ಕೇಳಿದರು. ಗೋಪುರವನ್ನು ನೋಡಲಿಲ್ಲ. ನೋಡಿದ್ದು ಕಾಡು, ಕಲ್ಲು, ಕೆಸರು. ಆ ಕೆಸರು ನನ್ನನ್ನು ಮೂವತ್ತೇಳು ವರ್ಷ ಹಿಂದಕ್ಕೆ ಎಳೆದುಕೊಂಡು ಹೋಯಿತಾದ್ದರಿಂದ ಈ ಬರಹ ಬರೆಯಬೇಕಾಗಿದೆ.

ದಿಜೋನ್ ನಗರದಲ್ಲಿ ಉದ್ಯೋಗದಲ್ಲಿರುವ ಮಗ ಪ್ರತಿ ಬೇಸಿಗೆಯಲ್ಲಿಯೂ ಈ ಬಗೆಯ ಪ್ರವಾಸ ಮಾಡುತ್ತಾನೆ. ಗ್ರ್ಯಾವೆಲ್ ಸೈಕಲ್ ಎಂದರೆ ಡಾಂಬರು ರಸ್ತೆಯ ತೆಳು ಸೈಕಲ್ಲಿಗೂ ಬೆಟ್ಟ ಹತ್ತುವ ದಪ್ಪ ಸೈಕಲ್ಲಿಗೂ ನಡುವಿನದು. ಹಿಡಿಕೆ ಟಗರಿನ ಕೊಂಬಿನಂತೆ ಬಾಗಿರುತ್ತದೆ. ಟೈರು ನಲವತ್ತು ಮಿಲಿಮೀಟರಿನ ಆಸುಪಾಸು ಅಗಲ. ಗಾಳಿಯನ್ನು ಬಿಗಿಯಾಗಿ ತುಂಬದೆ ತುಸು ಮೆತ್ತಗೆ ಬಿಡುತ್ತಾರೆ. ಮೆತ್ತಗಿನ ಟೈರು ಕಲ್ಲನ್ನು ತಳ್ಳದೆ ಅಪ್ಪಿಕೊಂಡು ಸಾಗುತ್ತದೆ. ನನ್ನ ಮೊಣಕಾಲಿನ ಮೇಲೆ ಕರುಣೆಯಿಟ್ಟು ಮಗ ಬಾಡಿಗೆಗೆ ತಂದಿದ್ದು ವಿದ್ಯುತ್ ನೆರವಿನ ಸೈಕಲ್ಲು. ಅಲ್ಲಿನ ಕಾನೂನಿನಂತೆ ಅದರ ಮೋಟಾರು 250 ವಾಟ್ ಮೀರಬಾರದು, ಗಂಟೆಗೆ 25 ಕಿಲೋಮೀಟರ್ ವೇಗದಾಚೆ ನೆರವು ನಿಲ್ಲಬೇಕು, ಪೆಡಲ್ ತುಳಿಯದಿದ್ದರೆ ಅದು ಅಲುಗುವುದೂ ಇಲ್ಲ. ಆದ್ದರಿಂದ ನಾನು ತುಳಿದದ್ದು ನಿಜವೇ ಎಂದು ಯಾರೂ ಸಂದೇಹಪಡಬೇಕಾಗಿಲ್ಲ.

ನಾವು ಆರಿಸಿಕೊಂಡದ್ದು ಬರ್ಗಂಡಿ ಪ್ರಾಂತ್ಯದ ನಡುವೆ ಎದ್ದಿರುವ ಮೊರ್ವಾಂ ಎಂಬ ಗ್ರಾನೈಟ್ ಬೆಟ್ಟಸೀಮೆ. ಅದರ ಅತ್ಯುನ್ನತ ಶಿಖರ 901 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೂ ಅಲ್ಲ. ಆದರೆ ಸುತ್ತಲಿನ ದ್ರಾಕ್ಷಿತೋಟಗಳ, ಗೋದಿಹೊಲಗಳ ಸಿರಿವಂತ ಬಯಲಿನ ನಡುವೆ ಇದೊಂದು ಬಡ ದ್ವೀಪ. ಮಣ್ಣು ಹುಳಿ, ಮಳೆ ಹೆಚ್ಚು, ಬೆಳೆ ಕಡಿಮೆ. "ಮೊರ್ವಾಂ ಕಡೆಯಿಂದ ಒಳ್ಳೆಯ ಗಾಳಿಯೂ ಬರದು, ಒಳ್ಳೆಯ ಜನರೂ ಬರರು" ಎಂಬ ಅರ್ಥದ ಹಳೆಯ ಗಾದೆಯೊಂದು ಬಯಲುಸೀಮೆಯವರಲ್ಲಿದೆ. ಮಗ ಹೊರಡುವ ಮುನ್ನಾದಿನ ಇದನ್ನು ಹೇಳಿದಾಗ ನಕ್ಕುಬಿಟ್ಟೆ. ನಾಲ್ಕು ದಿನಗಳಲ್ಲಿ ಆ ಗಾದೆ ನನ್ನನ್ನು ಬಿಡಲಿಲ್ಲ.

ಹೊರಟದ್ದು ಒತಾಂ ಪಟ್ಟಣದಿಂದ. ರೋಮನ್ ಚಕ್ರವರ್ತಿ ಅಗಸ್ಟಸನ ಹೆಸರು ಹೊತ್ತು ಹುಟ್ಟಿದ ಊರು. ಆ ಕಾಲದ ಎರಡು ಮಹಾದ್ವಾರಗಳು ಇಂದಿಗೂ ನಿಂತಿವೆ, ಅದರೊಳಗೆ ನಾವು ಸೈಕಲ್ ಹೊಡೆದುಕೊಂಡೇ ಹೋದೆವು. ಸಂತ ಲಾಜರನ ಪ್ರಧಾನ ದೇವಾಲಯದ ಬಾಗಿಲ ಮೇಲೆ ಹನ್ನೆರಡನೆಯ ಶತಮಾನದ ಅಂತಿಮ ತೀರ್ಪಿನ ಶಿಲ್ಪವಿದೆ. ಕ್ರಿಸ್ತನ ಪಾದದಡಿಯಲ್ಲಿ ಗಿಸ್ಲೆಬೆರ್ಟಸ್ ಇದನ್ನು ಮಾಡಿದನೆಂದು ಲ್ಯಾಟಿನ್ ಭಾಷೆಯಲ್ಲಿ ಕೆತ್ತಿದೆ. ಹೆಸರು ಶಿಲ್ಪಿಯದೋ ಮಾಡಿಸಿದವನದೋ ಎಂದು ವಿದ್ವಾಂಸರಲ್ಲಿ ವಾದವುಂಟು. ಬೇಲೂರಿನಲ್ಲಿ ದಾಸೋಜನ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಅಂಕಿತ ಕಂಡ ನನಗೆ ಶಿಲ್ಪಿಯದೇ ಎಂದು ನಂಬಲು ಆಸೆ. 1766ರಲ್ಲಿ ಅಲ್ಲಿನ ಪಾದ್ರಿಗಳಿಗೆ ಈ ಶಿಲ್ಪ ಒರಟಾಗಿ, ಹಳ್ಳಿಗಾಡಿನದಾಗಿ ಕಂಡಿತು. ಮೇಲೆ ಗಾರೆ ಮೆತ್ತಿಸಿಬಿಟ್ಟರು. ಆ ಗಾರೆಯೇ ಫ್ರೆಂಚ್ ಕ್ರಾಂತಿಯ ಕಾಲದ ಸುತ್ತಿಗೆಗಳಿಂದ ಅದನ್ನು ಕಾಪಾಡಿತು. 1837ರಲ್ಲಿ ಗಾರೆ ಕಿತ್ತಾಗ ಒರಟೆಂದು ಮುಚ್ಚಿದ್ದೇ ಮಹಾಕೃತಿಯೆಂದು ಲೋಕಕ್ಕೆ ತಿಳಿಯಿತು.

ಅಂದೇ ಮಧ್ಯಾಹ್ನ ಕಾಡು ಹೊಕ್ಕೆವು. 821 ಮೀಟರ್ ಎತ್ತರದ ಬ್ಯೂವ್ರೇ ಬೆಟ್ಟದ ಮೇಲೆ ಬಿಬ್ರಾಕ್ತ ಎಂಬ ಗಾಲ್ ಜನಾಂಗದ ಪುರಾತನ ರಾಜಧಾನಿಯಿತ್ತು. ಕ್ರಿ.ಪೂ. 52ರಲ್ಲಿ ಸೀಸರನನ್ನು ಎದುರಿಸಲು ವರ್ಸಿಂಜೆಟೊರಿಕ್ಸನನ್ನು ಗಾಲರು ನಾಯಕನೆಂದು ದೃಢಪಡಿಸಿದ್ದು ಇಲ್ಲಿ; ಅವನು ಸೋತ ಮೇಲೆ ಆ ಚಳಿಗಾಲವನ್ನು ಗೆದ್ದ ಸೀಸರ್ ಕಳೆದದ್ದೂ ಇಲ್ಲಿಯೇ. ಅನಂತರ ಜನರನ್ನೆಲ್ಲ ಕೆಳಗಿನ ಒತಾಂಗೆ ಇಳಿಸಲಾಯಿತು, ಬೆಟ್ಟದ ಊರು ಕಾಡಾಯಿತು. 1867ರಲ್ಲಿ ಉತ್ಖನನ ಶುರುವಾಯಿತು. ಅಲ್ಲಿನ ಬೀಚ್ ಮರಗಳು ವಿಚಿತ್ರ. ಹಿಂದೆ ರೈತರು ಎಳೆಯ ಕೊಂಬೆಗಳನ್ನು ಬಾಗಿಸಿ ಹೆಣೆದು ಬೇಲಿ ಮಾಡಿದ್ದರಂತೆ. ರೈತರು ಹೋದರು, ಬೇಲಿ ಬೆಳೆದು ಹೆಮ್ಮರಗಳಾಗಿ, ಹೆಣೆದ ತೋಳುಗಳಂತೆ ತಿರುಚಿಕೊಂಡು ನಿಂತಿವೆ.

ಎರಡನೆಯ ದಿನ ಸೆತೋಂ ಸರೋವರ ಸೇರಿದೆವು. ಪ್ರವಾಸಿಗರಿಗೆ ಅದೊಂದು ದೋಣಿವಿಹಾರದ ತಾಣ. ಕಟ್ಟಿದ್ದು ಮಾತ್ರ ಸೌದೆಗಾಗಿ. ಹದಿನಾರನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಪ್ಯಾರಿಸ್ಸಿನ ಒಲೆಗಳನ್ನು ಉರಿಸಿದ್ದು ಮೊರ್ವಾಂ ಕಾಡಿನ ಕಟ್ಟಿಗೆ. ಚಳಿಗಾಲದಲ್ಲಿ ಮರ ಕಡಿದು, ತುಂಡಿನ ತುದಿಗೆ ವರ್ತಕನ ಗುರುತನ್ನು ಸುತ್ತಿಗೆಯಿಂದ ಒತ್ತಿ, ಹಳ್ಳಕ್ಕೆಸೆಯುತ್ತಿದ್ದರು. ಮೇಲಿನ ಕೆರೆಗಳ ತೂಬೆತ್ತಿದರೆ ಕೃತಕ ಪ್ರವಾಹ ಎದ್ದು ಕಟ್ಟಿಗೆಯನ್ನು ದೊಡ್ಡ ನದಿಗೆ ತಲುಪಿಸುತ್ತಿತ್ತು. ಅಲ್ಲಿ ತೆಪ್ಪಗಳಾಗಿ ಕಟ್ಟಿ ಯೋನ್ ನದಿಯ ಮೂಲಕ ಸೇನ್ ನದಿಗೆ, ಪ್ಯಾರಿಸ್ಸಿಗೆ. ತೆಪ್ಪದ ಮೇಲೆ ಹೋದ ಆಳುಗಳು ಕಾಲ್ನಡಿಗೆಯಲ್ಲಿ ಮನೆಗೆ ಮರಳುತ್ತಿದ್ದರು. 1850ರ ದಶಕದಲ್ಲಿ ಕ್ಯೂರ್ ನದಿಗೆ ಹೆಚ್ಚಿನ ನೀರು ಒದಗಿಸಲೆಂದು ಈ ಅಣೆಕಟ್ಟನ್ನು ಕಟ್ಟಿದರು.

ಸೌದೆಯಷ್ಟೇ ಅಲ್ಲ, ಹಾಲೂ ಹೋಗುತ್ತಿತ್ತು. ಮೂರನೆಯ ದಿನ ದಾರಿ ತುಸು ಸುತ್ತಾದರೂ ಅಲಿನ್ಯಿ ಎಂಬ ಹಳ್ಳಿಗೆ ಹೋದೆವು. ಅಲ್ಲಿ 2016ರಲ್ಲಿ ತೆರೆದ ಒಂದು ವಸ್ತುಸಂಗ್ರಹಾಲಯವಿದೆ: ದಾದಿಯರದು, ಮತ್ತು ಸರಕಾರದ ಆಶ್ರಯದಲ್ಲಿದ್ದ ಅನಾಥ ಮಕ್ಕಳದು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊರ್ವಾಂ ತಾಯಂದಿರು ತಮ್ಮ ಹಸುಗೂಸನ್ನು ಮನೆಯವರ ಬಳಿ ಬಿಟ್ಟು, ಪ್ಯಾರಿಸ್ಸಿನ ಸಿರಿವಂತರ ಕೂಸುಗಳಿಗೆ ಎದೆಹಾಲೂಡಿಸಲು ಹೋಗುತ್ತಿದ್ದರು. ಆ ಸಂಬಳದಿಂದ ಊರಿನಲ್ಲಿ ಕಟ್ಟಿಸಿದ ಮನೆಗಳಿಗೆ 'ಹಾಲಿನ ಮನೆ'ಗಳೆಂದೇ ಹೆಸರು. ಅತ್ತ ಪ್ಯಾರಿಸ್ಸಿನಲ್ಲಿ ತೊರೆಯಲ್ಪಟ್ಟ ಮಕ್ಕಳನ್ನು ಸಾಕಲು ಇದೇ ಹಳ್ಳಿಗಳಿಗೆ ಕಳುಹಿಸುತ್ತಿದ್ದರು. ಮುಂದೆ ಪ್ರಸಿದ್ಧ ಲೇಖಕನಾದ ಜ್ಯಾಂ ಜೆನೆ ಹಾಗೆ ಈ ಅಲಿನ್ಯಿಯಲ್ಲಿಯೇ ಬೆಳೆದವನು. ರಾಜಧಾನಿಯ ಒಲೆಗೆ ಬೆಂಕಿ, ರಾಜಧಾನಿಯ ಕೂಸಿಗೆ ಹಾಲು, ರಾಜಧಾನಿ ತೊರೆದ ಮಕ್ಕಳಿಗೆ ಮಡಿಲು. ಇಷ್ಟು ಕೊಟ್ಟ ಸೀಮೆಯ ಬಗ್ಗೆ ಜನ ಕಟ್ಟಿದ್ದು ಆ ಗಾದೆಯನ್ನು.

ಅಲ್ಲಿಂದ ಕಾರೆ-ಲೆ-ತೋಂಬ್ ಊರಿನ ಕಡೆಗೆ ಹೊರಟಾಗ ಮಳೆ ಹಿಡಿಯಿತು. ಓಕ್, ಬೀಚ್ ಮರಗಳ ಕಾಡು ಮುಗಿದು, ಉತ್ತರ ಅಮೆರಿಕ ಮೂಲದ ಡಗ್ಲಸ್ ಫರ್ ಮರಗಳ ನೆಡುತೋಪು ಶುರುವಾಯಿತು. ಸಾಲಾಗಿ ನೆಟ್ಟು, ಬೆಳೆದಾಗ ಒಮ್ಮೆಗೇ ಬೋಳಿಸುವ ತೋಪು. ಇದನ್ನು ಸಹಿಸದ ಜನ ಹಣ ಕೂಡಿಸಿ ಹಳೆಯ ಕಾಡಿನ ತುಂಡುಗಳನ್ನು ಕೊಂಡು ಉಳಿಸಿಕೊಳ್ಳುತ್ತಿದ್ದಾರೆಂದು ಮಗ ಹೇಳಿದ. ಮರ ಸಾಗಿಸುವ ಯಂತ್ರಗಳು ಹಾದು ಜಲ್ಲಿದಾರಿಯಲ್ಲಿ ಮೊಣಕಾಲುದ್ದದ ಚಾಡಿ ಬಿದ್ದಿತ್ತು. ಕೆಸರು ಚಕ್ರಕ್ಕೂ ಚೌಕಟ್ಟಿಗೂ ನಡುವೆ ಮೆತ್ತಿಕೊಂಡು ಚಕ್ರ ತಿರುಗದಾಯಿತು. ಇಳಿದೆ. ಒಂದು ಕಡ್ಡಿ ಮುರಿದುಕೊಂಡು ಕೆಸರು ಕೆದಕಿದೆ, ಇಪ್ಪತ್ತು ಹೆಜ್ಜೆ ನೂಕಿದೆ, ಮತ್ತೆ ಕೆದಕಿದೆ. ಕಡ್ಡಿಯಿಂದಾಗದೆ ಬೆರಳುಗಳಿಂದಲೇ ತೆಗೆದೆ. ನಾಲ್ಕು ಕಿಲೋಮೀಟರಿಗೆ ಎರಡು ಗಂಟೆ ಹಿಡಿಯಿತು. ಉಗುರಿನೊಳಗೆಲ್ಲ ಕಪ್ಪು ಮಣ್ಣು. ಆ ಕೈಗಳನ್ನು ನೋಡುತ್ತ ನಿಂತುಬಿಟ್ಟೆ. ಅವನ್ನು ನಾನು ಹಿಂದೆ ನೋಡಿದ್ದೆ.

1987ರ ಮಳೆಗಾಲ. ಒಂಬತ್ತನೆಯ ತರಗತಿಯಲ್ಲಿ ಹಳ್ಳದಾಚೆಯ ಕಾಡಂಚಿನ ಊರಿನಿಂದ ಒಂಬತ್ತು ಕಿಲೋಮೀಟರ್ ಸೈಕಲ್ ತುಳಿದು ಬರುವ ಹುಡುಗನೊಬ್ಬನಿದ್ದ. ಬೇಸಿಗೆಯಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದವನು ಮಳೆಗಾಲದಲ್ಲಿ ದಿನವೂ ತಡ. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದ. ನಾನು ಹೊರಗೆ ನಿಲ್ಲಿಸುತ್ತಿದ್ದೆ. ಒಂದು ದಿನ ಅವನು ಒಪ್ಪಿಸಿದ ಪುಸ್ತಕದ ಮೇಲೆ ಮಣ್ಣಿನ ಬೆರಳಚ್ಚು ಮೂಡಿತ್ತು. ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದು, "ಕಾಡಿನವರಿಗೆ ಗಡಿಯಾರವೂ ಇಲ್ಲ, ಕೈ ತೊಳೆಯುವ ನೀರೂ ಇಲ್ಲ" ಎಂದೆ. ತರಗತಿ ನಕ್ಕಿತು. ನನ್ನ ಮಾತಿಗೆ ಮಕ್ಕಳು ನಕ್ಕರೆಂದು ಅಂದು ನನಗೆ ಹೆಮ್ಮೆಯೇ ಆಯಿತು. ದಸರಾ ರಜೆಯ ನಂತರ ಅವನು ಶಾಲೆಗೆ ಬರಲಿಲ್ಲ. ಮನೆಯಲ್ಲಿ ಕಷ್ಟವೆಂದು ಯಾರೋ ಹೇಳಿದರು; ನಾನೂ ಅದನ್ನೇ ನಂಬಿಕೊಂಡು ಸುಮ್ಮನಾದೆ. ಆ ಒಂಬತ್ತು ಕಿಲೋಮೀಟರ್ ದಾರಿಯನ್ನು ಒಂದು ಸಲವಾದರೂ ನಾನು ಹೋಗಿ ನೋಡಲಿಲ್ಲ.

ಕಾರೆ-ಲೆ-ತೋಂಬ್ ಸೇರಿದಾಗ ರಾತ್ರಿ ಒಂಬತ್ತೂವರೆ. ಏಳಕ್ಕೆ ಬರುತ್ತೇವೆಂದು ಹೇಳಿದ್ದೆವು. ವಸತಿಗೃಹದ ಒಡತಿ ಅಡುಗೆಮನೆ ಮುಚ್ಚಿದ್ದಳು. ಬಾಗಿಲು ತೆರೆದವಳು ನಮ್ಮ ಮುಖ ನೋಡಲಿಲ್ಲ, ಸೈಕಲ್ಲಿನ ಚಕ್ರ ನೋಡಿದಳು. ತಡವೇಕೆಂದು ಕೇಳಲಿಲ್ಲ. ಹಿತ್ತಲ ನಲ್ಲಿಯನ್ನು ತೋರಿಸಿ, ಸಾರು ಬಿಸಿಮಾಡಲು ಒಳಗೆ ಹೋದಳು. ಬೆಳಿಗ್ಗೆ ಊರಿನ ಚರ್ಚಿನ ಸುತ್ತ ಸಾಲಾಗಿಟ್ಟ ನೂರಕ್ಕೂ ಹೆಚ್ಚು ಪುರಾತನ ಕಲ್ಲಿನ ಶವಪೆಟ್ಟಿಗೆಗಳನ್ನು ನೋಡಿದೆವು. ಊರಿಗೆ ಹೆಸರು ಬಂದದ್ದು ಅವುಗಳಿಂದ. ಗ್ರಾನೈಟ್ ಸೀಮೆಯಲ್ಲಿ ಅವೆಲ್ಲ ಸುಣ್ಣಕಲ್ಲಿನವು. ಬೇರೆಡೆಯಿಂದ ಹೊತ್ತು ತಂದವು. ನನ್ನ ಮನಸ್ಸು ಮಾತ್ರ ಆ ನಲ್ಲಿಯ ಬಳಿಯೇ ಇತ್ತು.

ಕೊನೆಯ ದಿನ ವೆಝೆಲೇ. ಬೆಟ್ಟದ ನೆತ್ತಿಯ ಮೇಲೆ ಮಗ್ದಲೇನಾ ಮರಿಯಳ ದೇವಾಲಯ. 1979ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1146ರಲ್ಲಿ ಸಂತ ಬರ್ನಾರ್ಡ್ ಎರಡನೆಯ ಧರ್ಮಯುದ್ಧಕ್ಕೆ ಕರೆಕೊಟ್ಟದ್ದು ಇದೇ ಬೆಟ್ಟದಿಂದ. ಒಳಬಾಗಿಲ ಮೇಲಿನ ಶಿಲ್ಪದಲ್ಲಿ ಕ್ರಿಸ್ತನ ಸುತ್ತ ಲೋಕದ ನಾನಾ ಜನರನ್ನು ಕೆತ್ತಿದ್ದಾರೆ. ಅವರಲ್ಲಿ ನಾಯಿತಲೆಯವರಿದ್ದಾರೆ, ಕುದುರೆಯೇರಲು ಏಣಿ ಹಾಕುವ ಕುಳ್ಳರಿದ್ದಾರೆ, ಮೊರದಗಲದ ಕಿವಿಯವರಿದ್ದಾರೆ. ನಾಯಿತಲೆಯವರೂ ಅಗಲಕಿವಿಯವರೂ ಭಾರತದಲ್ಲಿದ್ದಾರೆಂದು ಪ್ರಾಚೀನ ಗ್ರೀಕ್ ಲೇಖಕ ಕ್ಟೀಸಿಯಸ್ ಬರೆದಿದ್ದ. ಅಂದರೆ ಆ ಕಲ್ಲಿನಲ್ಲಿರುವುದು ನಾವೇ! ನಗು ಬಂದಿತು. ಆದರೆ ನಮ್ಮ ಮಹಾಭಾರತದ ಸಭಾಪರ್ವದಲ್ಲಿಯೂ ಕರ್ಣಪ್ರಾವರಣರು, ಎಂದರೆ ಕಿವಿಯನ್ನೇ ಹೊದೆದವರು, ಬರುತ್ತಾರೆ. ಸಹದೇವನ ದಕ್ಷಿಣ ದಿಗ್ವಿಜಯದ ದಾರಿಯಲ್ಲಿ. ಹೋಗಿ ನೋಡದ ದಾರಿಯ ಆ ತುದಿಯಲ್ಲಿರುವವರಿಗೆ ಎಲ್ಲರೂ ಅಂಥ ಕಿವಿಗಳನ್ನೇ ಅಂಟಿಸುತ್ತಾರೆ. ನಾನೂ ಅಂಟಿಸಿದ್ದೆ.

ಅದೇ ಊರಿನಲ್ಲಿ ರೊಮಾಂ ರೋಲಾಂ ಅವರು 1938ರಿಂದ, 1944ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೆ ಬಾಳಿದ ಮನೆಯಿದೆ. ಈಗ ಅದೊಂದು ಕಲಾಸಂಗ್ರಹಾಲಯ. ಗಾಂಧೀಜಿ, ರಾಮಕೃಷ್ಣ, ವಿವೇಕಾನಂದರ ಜೀವನವನ್ನು ಯೂರೋಪಿಗೆ ಬರೆದು ತಿಳಿಸಿದ ಮಹನೀಯರು ಒಮ್ಮೆಯೂ ಭಾರತಕ್ಕೆ ಬಂದವರಲ್ಲ. ಬರದೆಯೂ ನಮ್ಮನ್ನು ಸರಿಯಾದ ಕಿವಿಗಳೊಂದಿಗೆ ಕಂಡರು. ಒಂಬತ್ತು ಕಿಲೋಮೀಟರ್ ದೂರದ ಹುಡುಗನನ್ನು ದಿನವೂ ಎದುರಿಗಿಟ್ಟುಕೊಂಡು ನಾನು ಕಾಣಲಿಲ್ಲ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ವರ್ಷದ ಒಂಬತ್ತನೆಯ ತರಗತಿಯಲ್ಲಿದ್ದ ನಿಮಗೆ ಯಾರೆಂದು ತಿಳಿಯುತ್ತದೆ; ಅಂದು ನಕ್ಕವರು ನೀವು, ನಗಿಸಿದವನು ನಾನು. ಈಗ ಅವನೆಲ್ಲಿದ್ದಾನೆಂದು ಬಲ್ಲವರು ದಯವಿಟ್ಟು ನನಗೆ ತಿಳಿಸಿರಿ. ಕರೆಸಿಕೊಳ್ಳುವುದು ಬೇಡ, ನಾನೇ ಹೋಗುತ್ತೇನೆ. ಮಳೆಗಾಲದಲ್ಲಾದರೆ ಇನ್ನೂ ಒಳ್ಳೆಯದು.