ಕಾರಿನೊಳಗೆ ಉಳಿದವರು
ಕಾರಿಗೂ ಮೊಬೈಲಿಗೂ ನಂಟು ಬೆಸೆಯುವ ಬ್ಲೂಟೂತ್, 10ನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು. ಶಾಸ್ತ್ರವೇನೋ ಸರಳ: ಎರಡು ಪರದೆಗಳ ಮೇಲೂ ಒಂದೇ 6 ಅಂಕಿಗಳ ಸಂಖ್ಯೆ ಮೂಡಿದರೆ ಜಾತಕ ಕೂಡಿತು. ಆಮೇಲೆ, ಹೆಸರು-ನಂಬರುಗಳ ಪಟ್ಟಿಯನ್ನೂ ಕಾರಿಗೆ ಕೊಡಬಹುದೇ ಎಂಬ ಪ್ರಶ್ನೆ. ಹಾಡಿನ ಆತುರದಲ್ಲಿರುವ ಯಜಮಾನರು ಓದದೆಯೇ ಒಪ್ಪುತ್ತಾರೆ. ಹಾಲಿನವನು, ಡಾಕ್ಟರು, ಬೀಗರು, ಎಲ್ಲರೂ ಟಿಕೆಟ್ಟಿಲ್ಲದೆ ಒಳಗೆ ಕುಳಿತಂತಾಯಿತು!

ಮೊಬೈಲು ದೂರವಾದರೂ ಎಷ್ಟೋ ಕಾರುಗಳು ಆ ಪಟ್ಟಿಯನ್ನು ಬಚ್ಚಿಟ್ಟುಕೊಂಡಿರುತ್ತವೆ. ಕಾರನ್ನು ಮಾರುವ ದಿನ ಮನೆಯಾಕೆ ಡಿಕ್ಕಿಯ ಕೊಡೆಯನ್ನೂ ಮುಂದಿನ ಗಣಪತಿಯನ್ನೂ ಜ್ಞಾಪಕದಿಂದ ತೆಗೆದುಕೊಳ್ಳುತ್ತಾರೆ. ಸೆಟ್ಟಿಂಗ್ಸಿನಲ್ಲಿ ಮೊಬೈಲಿನ ಹೆಸರನ್ನು ಅಳಿಸಿ, ಫ್ಯಾಕ್ಟರಿ ರೀಸೆಟ್ ಒತ್ತುವ ಸಣ್ಣ ಕೆಲಸ ಮಾತ್ರ ಮರೆತುಹೋಗುತ್ತದೆ. ಕೊಂಡವರು ಮರುದಿನ ಪರದೆಯನ್ನು ಮುಟ್ಟಿದಾಗ ಅಕಾರಾದಿಯಲ್ಲಿ ಮೊದಲಿಗೇ ‘ಅಮ್ಮ’ ಎಂದಿರುತ್ತದೆ, ಕೆಳಗೆ 10 ಅಂಕಿಗಳು. ಯಾರದೋ ಅಮ್ಮ.