ಮೂರಕ್ಕೆ ಎರಡು



ಒಂದು ಗುಂಪು ಮೂರು ಚಪ್ಪಾಳೆ ತಟ್ಟುವ ಹೊತ್ತಿನಲ್ಲಿ ಇನ್ನೊಂದು ಗುಂಪು ಸಮವಾಗಿ ಎರಡೇ ತಟ್ಟಬೇಕು. ಇದಕ್ಕೆ ಪಾಲಿರಿದಮ್ ಅನ್ನುತ್ತಾರೆ. ನಾವು ಬಹುಲಯ ಅನ್ನೋಣ. ನಮ್ಮ ಗಾಯನವೃಂದದಲ್ಲಿ ಕೆಲವು ತಿಂಗಳಿಂದ ಇದರ ಅಭ್ಯಾಸ ನಡೆಸುತ್ತಿದ್ದೇವೆ.

ಹೇಳುವುದು ಸುಲಭ. ತಟ್ಟಲು ಶುರುಮಾಡಿದರೆ, ಯಾರು ಜೋರಾಗಿ ತಟ್ಟುತ್ತಾರೋ ಅವರ ಕಡೆಗೇ ಎಲ್ಲರ ಕೈ ಹೋಗುತ್ತದೆ. ಆಗ ನೆರವಿಗೆ ಬಂದದ್ದು ಶಾಲೆಯ ಲ.ಸಾ.ಅ.! ಮೂರು ಮತ್ತು ಎರಡರ ಲ.ಸಾ.ಅ. ಆರು. ಆದ್ದರಿಂದ ನಿಧಾನವಾಗಿ ಆರರವರೆಗೆ ಎಣಿಸಿ. ಮೂರರ ಗುಂಪು 1, 3, 5ಕ್ಕೆ ತಟ್ಟಲಿ. ಎರಡರ ಗುಂಪು 1 ಮತ್ತು 4ಕ್ಕೆ. ಬಾಯಲ್ಲಿ ಹೇಳುವುದಾದರೆ ಒಬ್ಬರು ‘ತಕ ತಕ ತಕ’, ಇನ್ನೊಬ್ಬರು ‘ತಕಿಟ ತಕಿಟ’; ಪ್ರತಿ ‘ತ’ಕ್ಕೂ ಒಂದು ಪೆಟ್ಟು. ಒಬ್ಬರೇ ಇದ್ದರೆ ತೊಡೆಯ ಮೇಲೆ ತಟ್ಟಿ ನೋಡಿ: ಎರಡೂ ಕೈ, ಬಲ, ಎಡ, ಬಲ. ನಾಲ್ಕಕ್ಕೆ ಮೂರು ಬೇಕಾದರೆ ಹನ್ನೆರಡರವರೆಗೆ ಎಣಿಸಬೇಕು.

ಎಣಿಕೆ ಕೆಲವು ವಾರ ಮಾತ್ರ ಬೇಕು. ಆಮೇಲೆ ಎರಡೂ ಸೇರಿ ಹುಟ್ಟುವ ಒಂದೇ ನಡೆ ಕಿವಿಗೆ ಬೀಳುತ್ತದೆ: ದೀರ್ಘ, ಹ್ರಸ್ವ, ಹ್ರಸ್ವ, ದೀರ್ಘ. ಮೂರರವರಷ್ಟೇ ತಟ್ಟಿದರೆ ಆ ನಡೆ ಇಲ್ಲ, ಎರಡರವರಷ್ಟೇ ತಟ್ಟಿದರೂ ಇಲ್ಲ.

ಇದರಲ್ಲಿ ಪಳಗಿದವರು ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ ದೇಶಗಳ ಎವೆ ಜನ. ಅವರ ವಾದ್ಯಮೇಳದಲ್ಲಿ ಗಾಂಕೋಗುಯಿ ಎಂಬ ಕಬ್ಬಿಣದ ಜೋಡಿ ಗಂಟೆ ಒಂದೇ ನಡೆಯನ್ನು ಬಿಡದೆ ಬಾರಿಸುತ್ತಿರುತ್ತದೆ. ಡೋಲುಗಳು ತಮ್ಮ ತಮ್ಮ ಪೆಟ್ಟನ್ನು ಅದರೊಂದಿಗೆ ಹೊಂದಿಸಿಕೊಳ್ಳುತ್ತವೆ. ತನ್ನ ಪೆಟ್ಟನ್ನು ಬಿಡದೆ ಪಕ್ಕದವರನ್ನೂ ಕೇಳುವುದೇ ಅಲ್ಲಿಯ ವಿದ್ಯೆ.

ಕಾಸರಗೋಡಿನ ನಮಗೆ ಇದು ಬರೀ ಸಂಗೀತದ ಮಾತಲ್ಲ. ನಮ್ಮಲ್ಲಿ ಹಲವರಿಗೆ ಮನೆಯಲ್ಲಿ ಕೊಂಕಣಿ, ಬಲಿಪೂಜೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ವೃಂದದ ಚಿಕ್ಕವರಲ್ಲಿ ಕೆಲವರು ಈಗ ಕನ್ನಡ ಹಾಡನ್ನು ಮಲಯಾಳ ಅಕ್ಷರಗಳಲ್ಲಿ ಬರೆದುಕೊಳ್ಳುತ್ತಾರೆ. ಅವರನ್ನು ಗದರಿಸಿ ಪ್ರಯೋಜನವಿಲ್ಲ. ಮಲಯಾಳ ನಮಗೆ ಬೇಕೇ ಬೇಕು. ನೆರೆಹೊರೆ, ಗೆಳೆತನ, ಕೆಲಸ ಎಲ್ಲ ಅದರಲ್ಲಿದೆ. ಆದರೆ ಜೋರಾಗಿ ಕೇಳುವುದರ ಕಡೆಗೇ ಎಲ್ಲರೂ ವಾಲಿದರೆ ಉಳಿಯುವುದು ಒಂದೇ ತಾಳ. ಅದಕ್ಕೇ ಅಭ್ಯಾಸದ ದಿನ ದೊಡ್ಡವರೊಬ್ಬರು ಚಿಕ್ಕವರೊಬ್ಬರ ಪಕ್ಕ ಕುಳಿತು, ಒಂದು ಹಾಡನ್ನಾದರೂ ಕನ್ನಡ ಅಕ್ಷರದಲ್ಲಿ ಬರೆಸುತ್ತಿದ್ದೇವೆ.

ನಿಮ್ಮ ಧರ್ಮಕೇಂದ್ರದಲ್ಲೂ ಪ್ರಯತ್ನಿಸಿ. ವಾದ್ಯ ಬೇಡ, ಎರಡು ಕೈ ಸಾಕು. ನಿಧಾನವಾಗಿ ಶುರುಮಾಡಿ. ಪಕ್ಕದವರು ಬೇರೆ ತಟ್ಟುತ್ತಿದ್ದರೆ ಹೆದರಬೇಡಿ. ಒಂದನೇ ಎಣಿಕೆಗೆ ಮತ್ತೆ ಸಿಗುತ್ತಾರೆ.